ಚಾವಿ ತಿರುವಿದರೆ ಟಿಕ್ ಅನ್ನಬೇಕು

ಮೀಟರ್ 12.5 ವೋಲ್ಟ್ ತೋರಿಸಿತು, ನಾನು ನಂಬಿದೆ. ಆ ನಂಬಿಕೆಗೆ ತೆತ್ತದ್ದು 1,850 ರೂಪಾಯಿ, ಎರಡು ವಾರ, ಜೊತೆಗೆ ಒಬ್ಬ ಮಾಳಿ ಕಾಕಾನ ಮುಂದೆ ನನ್ನ ಮರ್ಯಾದೆ. ಹೋದ ಮಳೆಗಾಲ ಒಂದು ಹುಲ್ಲು ಕತ್ತರಿಸುವ ಗಾಡಿ ರಿಪೇರಿ ಮಾಡಿದಾಗಿನ ಮಾತು ಇದು. ಅಂದಂದೇ ಡೈರಿಯಲ್ಲಿ ಗೀಚಿಟ್ಟದ್ದನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ, ಅಂಕಿಗಳು ಅದರಲ್ಲಿದ್ದ ಹಾಗೇ ಇವೆ.

ಬೆಳಗಾವಿಯ ಕೈಗಾರಿಕಾ ಬಡಾವಣೆ ಉದ್ಯಮಬಾಗದ ಹತ್ತಿರ ನನ್ನದೊಂದು ಸಣ್ಣ ಶೆಡ್. ಜನರೇಟರ್, ಔಷಧಿ ಹೊಡೆಯುವ ಪಂಪು, ಪವರ್ ಟಿಲ್ಲರ್, ಬ್ರಷ್ ಕಟರ್, ಹೀಗೆ ಸಣ್ಣ ಎಂಜಿನ್ ಯಾವುದಿದ್ದರೂ ಬರುತ್ತದೆ. ಕೂತು ಓಡಿಸುವ, ಹುಲ್ಲು ಕತ್ತರಿಸುವ ಗಾಡಿ ಮಾತ್ರ ನಮ್ಮ ಕಡೆ ಅಪರೂಪ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದದ್ದು ಮೂರೇ ಮೂರು. ಇದು ಮೂರನೆಯದು, ಊರಿನ ಒಂದು ಕಾಲೇಜಿನ ಮೈದಾನದ್ದು. ಹೊರದೇಶದ ಗಾಡಿ, ಒಂದೇ ಸಿಲಿಂಡರ್, ಸುಮಾರು 500 ಸಿಸಿ, ಕ್ರ್ಯಾಂಕ್ ನೆಟ್ಟಗೆ ನಿಂತ ಎಂಜಿನ್. ಕಂಪನಿ ಹೆಸರು ಬೇಡ, ತಪ್ಪು ಅದರದಲ್ಲ.

ಶನಿವಾರ, ಮೈದಾನದಲ್ಲಿ

ಮಿರಗದ ಮಳೆ ಕೂಡಿ ಹದಿನೈದು ದಿನ ಆಗಿತ್ತು. ಬೆಳಗಾವಿಯ ಜಿಟಿಜಿಟಿ ಮಳೆಗೆ ಹುಲ್ಲು ಒಂದು ವಾರಕ್ಕೇ ಮೊಳಕಾಲು ಮುಟ್ಟುತ್ತದೆ. ಗಾಡಿ ಮೈದಾನದ ನಡುವೆ, ಅರ್ಧ ಕತ್ತರಿಸಿದ ಪಟ್ಟೆಯ ತುದಿಯಲ್ಲಿ ನಿಂತಿತ್ತು. ಮಾಳಿ ಕಾಕಾ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದರು.

"ಅರ್ಧಾ ತಾಸ ಛಲೋ ಓಡತೈತ್ರಿ ಮಿಸ್ತ್ರಿ. ಆಮ್ಯಾಲ ಉಸರ ಕಟ್ಟಿದಂಗ ಆಗಿ ಗಪ್ಪ ಅಂತೈತಿ. ಎಷ್ಟ ಸೆಲ್ಫ್ ಹೊಡದ್ರೂ ಇಲ್ಲ. ಒಂದ ಚಾ ಕುಡದ ಬಂದ್ರ, ಏನೂ ಆಗೇ ಇಲ್ಲ ಅನ್ನೂವಂಗ ಸುರು ಆಗತೈತಿ."

ಇಂಥ ವರ್ಣನೆ ಕೊಡುವ ಗಿರಾಕಿ ಸಿಕ್ಕರೆ ಅರ್ಧ ಕೆಲಸ ಆದಂತೆ. ಬಿಸಿಯಾದಾಗ ಕೆಡುತ್ತದೆ, ಆರಿದಾಗ ಸರಿಹೋಗುತ್ತದೆ. ನನಗಿಂತ ಮೊದಲು ಬಂದವರು ಪ್ಲಗ್, ಪೆಟ್ರೋಲ್ ಫಿಲ್ಟರ್, ಕೊನೆಗೆ ಇಗ್ನಿಷನ್ ಕಾಯಿಲ್ ಕೂಡ ಬದಲಿಸಿ ಹೋಗಿದ್ದರು. ಬಿಸಿಗೆ ಕೆಡುವುದು ಅಂದಕೂಡಲೇ ಎಲ್ಲರ ಕೈ ಮೊದಲು ಕಾಯಿಲ್‌ಗೆ ಹೋಗುತ್ತದೆ. ನನ್ನ ಕೈಯೂ ಹೋಗುತ್ತಿತ್ತು, ಹೊಸದು ಹಾಕಿದ್ದಾರೆ ಎಂದು ಕಾಕಾ ಹೇಳದಿದ್ದರೆ.

ಕೆಟ್ಟು ನಿಂತಾಗಲೇ ನೋಡಬೇಕು, ಆರಿದ ಮೇಲೆ ಏನೂ ಕಾಣುವುದಿಲ್ಲ. ಹಾಗಾಗಿ ಕಾಕಾನಿಗೆ ಓಡಿಸಲು ಹೇಳಿ ಕಟ್ಟೆಯ ಮೇಲೆ ಕೂತೆ. ಇಪ್ಪತ್ತೈದು ನಿಮಿಷಕ್ಕೆ ಎಂಜಿನ್ ಎರಡು ಸಲ ತಡವರಿಸಿತು, ರೇಸ್ ಬಿತ್ತು, ನಿಂತಿತು. ಓಡಿಹೋದೆ. ಬ್ಲೇಡಿನ ಲಿವರ್ ಬಿಡಿಸಿ, ಬ್ರೇಕ್ ಹಾಕಿ, ಪ್ಲಗ್ ಬಿಚ್ಚಿ ಎಂಜಿನ್ನಿನ ತಲೆಗೆ ಒತ್ತಿಟ್ಟು ಸೆಲ್ಫ್ ಹೊಡೆಸಿದೆ. ಕಿಡಿ ನೀಲಿಯಾಗಿ, ಗಟ್ಟಿಯಾಗಿ ಬಂತು. ಕಾಯಿಲ್ ಮೇಲಿನ ಅನುಮಾನ ಬಿಟ್ಟಿತು. ಪ್ಲಗ್ಗಿನ ಮೂಗು ಒಣಗಿತ್ತು, ಅಂದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಪ್ಲಗ್ ವಾಪಸ್ ಹಾಕಿ, ಏರ್ ಫಿಲ್ಟರ್ ತೆಗೆದು, ಕಾರ್ಬೋರೇಟರ್ ಗಂಟಲಿಗೆ ಸಿರಿಂಜಿನಿಂದ ಒಂದು ಚಮಚದಷ್ಟು ಪೆಟ್ರೋಲ್ ಬಿಟ್ಟು ಹೊಡೆಸಿದೆ. ಎರಡು ಸೆಕೆಂಡ್ ಭರ್ರ್ ಅಂದು ಸತ್ತಿತು. ಈ ಕೆಲಸಕ್ಕೆ ಮುಖ ದೂರ ಇರಲಿ. ಎಂಜಿನ್ ಹಿಂದಕ್ಕೆ ಉಗುಳಿದರೆ ಹುಬ್ಬು ಹೋಗುತ್ತದೆ, ನನ್ನದು ಒಮ್ಮೆ ಹೋಗಿದೆ.

ಹಾಗಾದರೆ ಕಾರ್ಬೋರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿಗೇ ಪೆಟ್ರೋಲ್ ಬರುತ್ತಿಲ್ಲವೇ? ಬಟ್ಟಲಿನ ತಳದ ಡ್ರೇನ್ ಸ್ಕ್ರೂ ಸಡಿಲಿಸಿದೆ. ಧಾರಾಳವಾಗಿ ಸುರಿಯಿತು. ಪಂಪು ಸರಿ, ಫಿಲ್ಟರ್ ಸರಿ, ಫ್ಲೋಟ್ ಸರಿ. ಪೆಟ್ರೋಲ್ ಬಟ್ಟಲಿನ ತನಕ ಬಂದಿದೆ, ಅಲ್ಲಿಂದ ಒಂದು ಅಂಗುಲ ಮೇಲಕ್ಕೆ ಹೋಗಲು ಬಿಡುತ್ತಿಲ್ಲ ಯಾರೋ. ಆ ಜಾಗದಲ್ಲಿ ಬಾಗಿಲು ಕಾಯುವುದು ಒಂದೇ, ಬಟ್ಟಲಿನ ಕೆಳಗೆ ತಿರುಚಿ ಕೂರಿಸಿದ ಪೆಟ್ರೋಲ್ ಬಂದ್ ಮಾಡುವ ಸೊಲೆನಾಯ್ಡ್.

ಬೈಕಿನ ಕಾರ್ಬೋರೇಟರ್ ಬಿಚ್ಚಿ ಕೈ ಪಳಗಿದವರಿಗೆ ಇದು ಹೊಸದು, ನಮ್ಮ ಹಳೆಯ ಬೈಕುಗಳಲ್ಲಿ ನಾನು ಕಂಡಿಲ್ಲ. ಹೆಬ್ಬೆರಳು ಗಾತ್ರದ ಉಕ್ಕಿನ ಡಬ್ಬಿ, ಬಟ್ಟಲು ಹಿಡಿಯುವ ಬೋಲ್ಟಿನ ಕೆಲಸವನ್ನೂ ಅದೇ ಮಾಡುತ್ತದೆ. ಒಳಗೆ ತಾಮ್ರದ ಸುರುಳಿ, ಅದರ ನಡುವೆ ಸ್ಪ್ರಿಂಗಿನ ಮೇಲೆ ಕೂತ ಒಂದು ಕಡ್ಡಿ. ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಕಡ್ಡಿಯನ್ನು ಮೇಲಕ್ಕೆ ದೂಡಿ, ಪೆಟ್ರೋಲ್ ಮೇಲೇರುವ ಸಣ್ಣ ತೂತಾದ ಮೇನ್ ಜೆಟ್ಟಿನ ಬಾಯಿ ಮುಚ್ಚಿರುತ್ತದೆ. ಚಾವಿ ತಿರುವಿ ಹನ್ನೆರಡು ವೋಲ್ಟ್ ಕೊಟ್ಟರೆ ಸುರುಳಿ ಕಡ್ಡಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ, ಜೆಟ್ ಬಾಯಿ ತೆರೆಯುತ್ತದೆ. ಆಗ ಟಿಕ್ ಅಂತ ಸಣ್ಣ ಸಪ್ಪಳ.

ಇದನ್ನು ಇಟ್ಟದ್ದೇಕೆ ಅಂದರೆ, ಚಾವಿ ಬಂದ್ ಮಾಡಿದ ಮೇಲೂ ಫ್ಲೈವೀಲಿನ ತೂಕಕ್ಕೆ ಎಂಜಿನ್ ನಾಲ್ಕಾರು ಸುತ್ತು ತಿರುಗುತ್ತದೆ. ಕಿಡಿ ಇಲ್ಲ, ಆದರೂ ಪೆಟ್ರೋಲ್ ಎಳೆಯುತ್ತದೆ. ಸುಡದೆ ಉಳಿದ ಆ ಪೆಟ್ರೋಲು ಕಾದ ಸೈಲೆನ್ಸರಿನಲ್ಲಿ ಹೊತ್ತಿಕೊಂಡರೆ ಪಟಾಕಿ. ಅದಕ್ಕೇ ಚಾವಿಯ ಜೊತೆಗೇ ಪೆಟ್ರೋಲಿಗೂ ಬಾಗಿಲು.

ಗೊಂದಲ ಆಗುವುದು ಇಲ್ಲಿ. ಇಂಥ ಎಂಜಿನ್ನಿನ ಕಿಡಿಗೆ ಬ್ಯಾಟರಿ ಬೇಡ. ಮ್ಯಾಗ್ನೆಟೊ ತಾನೇ ಹುಟ್ಟಿಸಿಕೊಳ್ಳುತ್ತದೆ, ನಿಲ್ಲಿಸಬೇಕಾದರೆ ಅದರ ತಂತಿಯನ್ನು ಎಂಜಿನ್ ಮೈಗೆ ಮುಟ್ಟಿಸಬೇಕು. ಸೊಲೆನಾಯ್ಡಿನದು ಉಲ್ಟಾ ಲೆಕ್ಕ, ಓಡುವಷ್ಟು ಹೊತ್ತೂ ಅದಕ್ಕೆ ಕರೆಂಟ್ ಬೇಕೇ ಬೇಕು. ಮ್ಯಾಗ್ನೆಟೊ ತಂತಿ ಕಡಿದರೆ ಕಿಡಿ ನಿಲ್ಲುವುದಿಲ್ಲ, ಸೊಲೆನಾಯ್ಡಿನ ತಂತಿ ಕಡಿದರೆ ಗಾಡಿ ಓಡುವುದಿಲ್ಲ. ಎರಡೂ ಒಂದೇ ಚಾವಿಯ ಹಿಂದೆ.

ಚಾವಿ ಬಂದ್ ಮಾಡಿ, ಮತ್ತೆ ಆನ್ ಮಾಡಿ ಬಟ್ಟಲಿನ ಹತ್ತಿರ ಕಿವಿ ಇಟ್ಟೆ. ಸಪ್ಪಳ ಇಲ್ಲ. ಕಾಕಾ ಚಹಾ ತರಿಸಿದರು. ಕುಡಿದು ಬಂದು ಮತ್ತೆ ತಿರುವಿದೆ. ಟಿಕ್! ಒಂದೇ ಹೊಡೆತಕ್ಕೆ ಸುರು ಆಯಿತು. ಕಳ್ಳ ಸಿಕ್ಕ ಅಂದುಕೊಂಡೆ. ಸಿಕ್ಕದ್ದು ಕಳ್ಳನ ಚಪ್ಪಲಿ ಮಾತ್ರ ಅಂತ ಆಗ ಗೊತ್ತಿರಲಿಲ್ಲ.

ಭಾನುವಾರ, ಶೆಡ್ಡಿನಲ್ಲಿ

ಗಾಡಿಯನ್ನು ಟೆಂಪೋದಲ್ಲಿ ತರಿಸಿಕೊಂಡೆ. ಟ್ಯಾಂಕಿನ ಕಾಕ್ ಬಂದ್ ಮಾಡಿ, ಬ್ಯಾಟರಿ ನೆಗೆಟಿವ್ ಕಳಚಿ, ಕೆಳಗೆ ಅರ್ಧ ಕೊಯ್ದ ಎಣ್ಣೆ ಡಬ್ಬಿ ಇಟ್ಟು ಸೊಲೆನಾಯ್ಡ್ ಬಿಚ್ಚಿದೆ. ಜಾಗ ಇಕ್ಕಟ್ಟು. ಉದ್ದ ಹಿಡಿಯ ಪಾನಾ ಕೂರುವುದಿಲ್ಲ, ಮೊಂಡು ಪಾನಾ ಬೇಕು, ಕಾಲು ಸುತ್ತು ತಿರುವಿ ಮತ್ತೆ ಹಾಕಿ ಮತ್ತೆ ತಿರುವಬೇಕು. ತಂತಿ ಹಿಡಿದು ಜಗ್ಗಬೇಡಿ, ಸುರುಳಿಯ ಒಳಗೇ ಕಿತ್ತು ಬಂದರೆ ಮುಗಿಯಿತು.

ಬಟ್ಟಲು ಕೈಗೆ ಬಂದಾಗ ತಳದಲ್ಲಿ ನಮ್ಮೂರ ಕುಂದಾದ ಬಣ್ಣದ್ದೇ ಒಂದು ಅಂಟು. ಉಗುರಿನಿಂದ ಕೆರೆದರೆ ಮೇಣದ ಹಾಗೆ ಎದ್ದು ಬಂತು. ಅದರ ಸುತ್ತ ಉಪ್ಪಿನಂಥ ಬಿಳಿ ಪುಡಿ. ಚಳಿಗಾಲ ಕಳೆದ ಮೇಲೆ ಇಲ್ಲಿ ಹುಲ್ಲು ಒಣಗುತ್ತದೆ, ಗಾಡಿ ಜನವರಿಯಿಂದ ಜೂನ್ ತನಕ ಟ್ಯಾಂಕಿನ ತುಂಬ ಪೆಟ್ರೋಲ್ ಇಟ್ಟುಕೊಂಡು ಶೆಡ್ಡಿನಲ್ಲಿ ನಿಂತಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್. 2023ರಲ್ಲಿ ಕೆಲವು ಬಂಕುಗಳಲ್ಲಿ ಸುರುವಾದದ್ದು ಈಗ ಎಲ್ಲ ಕಡೆ ಇದೆ. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೆ ಬಾಯಿಲ್ಲ. ನಮ್ಮ ಜಿಲ್ಲೆಯ ಕಬ್ಬೇ ಅದರಲ್ಲಿ ಸೇರುತ್ತದೆ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ನಮ್ಮ ಊರಿನಲ್ಲೇ, ನನ್ನ ಗಿರಾಕಿಗಳಲ್ಲಿ ಅರ್ಧ ಜನ ಕಬ್ಬು ಬೆಳೆಯುವವರು. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ ಅನ್ನುವುದು ನಿಜ. ನೀರು ಹೆಚ್ಚಾದರೆ ಎಥನಾಲನ್ನೂ ಕರೆದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ತಳದಲ್ಲಿ ಇರುವುದು ಯಾರು? ಸೊಲೆನಾಯ್ಡಿನ ಕಡ್ಡಿ. ಇಡೀ ಕಾರ್ಬೋರೇಟರಿನಲ್ಲಿ ಅದರದೇ ಎಲ್ಲಕ್ಕಿಂತ ತಗ್ಗಿನ ಜಾಗ.

ಕಡ್ಡಿಯನ್ನು ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು, ಹೊರಗೆ ಬರುವಾಗ ಮಾತ್ರ ಸೋಮಾರಿ. ಬೈಕಿನ ಬ್ಯಾಟರಿಯ ಪಾಸಿಟಿವ್ ತಂತಿಗೆ, ನೆಗೆಟಿವ್ ಡಬ್ಬಿಯ ಮೈಗೆ ಕೊಟ್ಟು ನೋಡಿದೆ. ಇದಕ್ಕೆ ಒಂದೇ ತಂತಿ, ವಾಪಸ್ ದಾರಿ ಕಾರ್ಬೋರೇಟರ್ ಮೈಯಿಂದಲೇ. ಎಳೆಯಿತು, ಆದರೆ ಟಿಕ್ ಅನ್ನುವ ಬದಲು ಟಪ್ ಅನ್ನುವ ಮೆತ್ತಗಿನ ಸಪ್ಪಳ. ಪೆಟ್ರೋಲ್ ಒರೆಸಿ, ಒಣಗಿಸಿ, ದೂರ ಇಟ್ಟ ಮೇಲೆಯೇ ಈ ಪರೀಕ್ಷೆ. ಬ್ಯಾಟರಿ ತಂತಿ ತಾಗಿಸುವಾಗ ಕಿಡಿ ಹಾರುತ್ತದೆ. ಸುರುಳಿಯ ಓಮ್ ಅಳೆದೆ, 22 ಬಂತು. ಕಡಿದಿಲ್ಲ, ಶಾರ್ಟ್ ಆಗಿಲ್ಲ.

ಕಾರ್ಬೋರೇಟರ್ ಕ್ಲೀನರ್ ಹೊಡೆದು ಕಡ್ಡಿಯನ್ನು ಐವತ್ತು ಸಲ ಒತ್ತಿ ಬಿಟ್ಟೆ. ಮೇನ್ ಜೆಟ್ಟಿಗೆ ತಂತಿ ಹಾಕಲಿಲ್ಲ. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಎಂಜಿನ್ ಸ್ವಭಾವ ಬದಲಾಗುತ್ತದೆ. ಕ್ಲೀನರ್, ಗಾಳಿ, ಅಷ್ಟೇ. ಬಟ್ಟಲಿನ ಓ-ರಿಂಗ್ ಮಾತ್ರ ಸತಾಯಿಸಿತು. ಪೆಟ್ರೋಲಿನಲ್ಲಿ ಊದಿಕೊಂಡು, ಅದರದೇ ಕಾಲುವೆಯಲ್ಲಿ ಕೂರದೆ ಒಂದು ಕಡೆ ಹೊರಗೆ ಹಾರುತ್ತದೆ. ಹೊಸದು ಆರ್ಡರ್ ಮಾಡುವ ಮೊದಲು ಒಂದು ರಾತ್ರಿ ಗಾಳಿಗೆ ಬಿಡಿ. ಬೆಳಿಗ್ಗೆ ಕುಗ್ಗಿ ತಾನೇ ಸರಿಯಾಗಿ ಕೂತಿತು.

ಸೋಮವಾರ ನಲವತ್ತು ನಿಮಿಷ ಶೆಡ್ಡಿನ ಮುಂದೆ ಓಡಿಸಿದೆ. ನಿಲ್ಲಲಿಲ್ಲ. ಕಳಿಸಿಕೊಟ್ಟೆ. ಈಗ ಯೋಚಿಸಿದರೆ, ಶೆಡ್ಡಿನ ಮುಂದೆ ಇರುವುದು ಸಮನಾದ ಸಿಮೆಂಟ್ ನೆಲ. ಮೈದಾನದ ಹಾಗೆ ಗುಂಡಿ ದಿಬ್ಬ ಇಲ್ಲ.

ಬುಧವಾರ

"ಮಿಸ್ತ್ರಿ, ಮತ್ತ ಅದ ಹಾಡ ಹಾಡಾಕತ್ತೈತ್ರಿ."

ಹೋದೆ. ನಿಂತಿತ್ತು, ಟಿಕ್ ಇರಲಿಲ್ಲ. ಈ ಸಲ ಮೀಟರ್ ಒಯ್ದಿದ್ದೆ. ಸೊಲೆನಾಯ್ಡಿನ ಕನೆಕ್ಟರ್ ಕಳಚಿ, ಗಾಡಿ ಕಡೆಯ ತಂತಿಗೆ ಕೆಂಪು ಕಡ್ಡಿ, ಎಂಜಿನ್ ಮೈಗೆ ಕಪ್ಪು ಕಡ್ಡಿ. 12.5. ಬ್ಯಾಟರಿ ಮೇಲೆಯೂ 12.5. ಕರೆಂಟ್ ಪೂರ್ತಿ ಬರುತ್ತಿದೆ, ಸೊಲೆನಾಯ್ಡ್ ಎಳೆಯುತ್ತಿಲ್ಲ, ಹಾಗಾದರೆ ಸೊಲೆನಾಯ್ಡ್ ಬಿಸಿಗೆ ಸಾಯುತ್ತಿದೆ. ಲೆಕ್ಕ ಎಷ್ಟು ಚಂದ ಕೂತಿತು ನೋಡಿ. ಅಲ್ಲೇ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಹೊಸದನ್ನು ತರಿಸಿದೆ. ಅಸಲಿ ಅಲ್ಲ, "ಇದಕ್ಕೂ ಕೂರುತ್ತದೆ" ಅನ್ನುವ ಜಾತಿಯದು. 1,850 ರೂಪಾಯಿ.

ಐದು ದಿನಕ್ಕೆ ಬಂತು. ತಿರುಚು ಸರಿ ಇತ್ತು, ಕನೆಕ್ಟರ್ ಸರಿ ಇತ್ತು. ಹಾಕಿದೆ. ಕಾಕಾ ಇಡೀ ಮೈದಾನ ಮುಗಿಸಿದರು. ಒಂದು ಸಲವೂ ನಿಲ್ಲಲಿಲ್ಲ. ನನಗೆ ಚಹಾದ ಜೊತೆ ಭಜಿ ಕೂಡ ಬಂತು.

ಭಜಿ ತಿನ್ನುತ್ತಿರುವಾಗಲೇ ಕಾಕಾ ಗಾಡಿಯನ್ನು ನೆರಳಿಗೆ ತಂದು ಚಾವಿ ತಿರುವಿದರು. ಎಂಜಿನ್ ಇಳಿಯಿತು, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಢಂ! ಅಂಗಳದ ಪಾರಿವಾಳ ಎಲ್ಲ ಎದ್ದವು. ಎರಡನೇ ಮಹಡಿಯ ಕ್ಲಾಸಿನಿಂದ ಯಾರೋ ಸರ್ ಕಿಟಕಿಗೆ ಬಂದು ನೋಡಿದರು. ಗಣಪತಿ ಬರಲು ಇನ್ನೂ ಎರಡು ತಿಂಗಳಿತ್ತು.

ಒಮ್ಮೆ ಆದರೆ ಬಿಡಬಹುದು. ಮತ್ತೆ ಸುರು ಮಾಡಿ ಬಂದ್ ಮಾಡಿಸಿದೆ. ಮತ್ತೆ ಢಂ. ರೇಸ್ ಇಳಿಸಿ, ಅರ್ಧ ನಿಮಿಷ ಸಣ್ಣಗೆ ಓಡಲು ಬಿಟ್ಟು ಬಂದ್ ಮಾಡಿದರೆ ಸಪ್ಪಳ ಸಣ್ಣದಾಗುತ್ತಿತ್ತು, ಹೋಗುತ್ತಿರಲಿಲ್ಲ. ಆಗ ನನ್ನ ತಲೆಗೆ ಬರಬೇಕಾದ ಪ್ರಶ್ನೆ ಬಂತು. ಈ ಹೊಸ ಬಾಗಿಲು ಮುಚ್ಚುತ್ತದೋ ಇಲ್ಲವೋ? ಎಂಜಿನ್ ಓಡುತ್ತಿರುವಾಗಲೇ ಸೊಲೆನಾಯ್ಡಿನ ಕನೆಕ್ಟರ್ ಕಿತ್ತೆ. ನಾಲ್ಕು ಸೆಕೆಂಡಿನಲ್ಲಿ ಸಾಯಬೇಕಿತ್ತು. ತಂತಿ ನನ್ನ ಕೈಯಲ್ಲಿ, ಗಾಡಿ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಅಂದರೆ ನಾನು ಯಾವ ರೋಗವನ್ನೂ ವಾಸಿ ಮಾಡಿರಲಿಲ್ಲ, ಬಾಗಿಲನ್ನೇ ಕಿತ್ತು ಹಾಕಿದ್ದೆ. ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ, ಕಡ್ಡಿಯ ತುದಿ ಪಕ್ಕಡದಿಂದ ಕತ್ತರಿಸಿ ವಾಪಸ್ ಹಾಕುತ್ತಾರೆ. ಗಾಡಿ ಓಡುತ್ತದೆ, ಗಿರಾಕಿ ಖುಷಿ. ಮೈದಾನದ ನಡುವೆ ಕೆಲಸ ನಿಂತು, ಸಂಜೆ ಮ್ಯಾಚ್ ಇದೆ ಅನ್ನುವಾಗ ಒಂದು ದಿನದ ಮಟ್ಟಿಗೆ ನಾನೂ ಮಾಡಿಯೇನು. ಆದರೆ ಬಟ್ಟಲಿಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿ ಎಂದಾದರೂ ಸೋರಲು ಸುರುವಾದರೆ ತಡೆಯಲು ಒಳಗೆ ಬೇರೆ ಬಾಗಿಲಿಲ್ಲ. ಪೆಟ್ರೋಲ್ ಸಿಲಿಂಡರಿಗೆ, ಅಲ್ಲಿಂದ ಎಣ್ಣೆಗೆ. ತೆಳುವಾದ ಎಣ್ಣೆಯಲ್ಲಿ ಬೇರಿಂಗ್ ಎಷ್ಟು ದಿನ? ಹೆದರಿ ಡಿಪ್‌ಸ್ಟಿಕ್ ತೆಗೆದು ಮೂಸಿದೆ. ಪುಣ್ಯಕ್ಕೆ ಬರೀ ಎಣ್ಣೆಯ ವಾಸನೆ. ಅಂದಿನಿಂದ ಸಂಜೆ ಟ್ಯಾಂಕಿನ ಕಾಕ್ ಬಂದ್ ಮಾಡಿಯೇ ಹೋಗಿ ಅಂತ ಕಾಕಾನಿಗೆ ಹೇಳಿದೆ.

ಲೇಥ್ ಮಾಮಾ

ಎರಡೂ ಸೊಲೆನಾಯ್ಡ್ ತೆಗೆದುಕೊಂಡು ಉದ್ಯಮಬಾಗದ ಲೇಥ್ ಮಾಮಾನ ಹತ್ತಿರ ಹೋದೆ. ಫೌಂಡ್ರಿಗಳ ನಡುವೆ ಹುಟ್ಟಿ ಬೆಳೆದ ಮನುಷ್ಯ, ಕಬ್ಬಿಣವನ್ನು ಕಣ್ಣಿನಿಂದಲೇ ಅಳೆಯುತ್ತಾರೆ. ಆದರೂ ವರ್ನಿಯರ್ ಹಿಡಿದರು. ಕೂರುವ ಮುಖದಿಂದ ಕಡ್ಡಿಯ ತುದಿಗೆ ಹಳೆಯದು 31.0 ಮಿಲಿಮೀಟರ್, ಹೊಸದು 29.5.

"ದೀಡ್ ಮಿಲಿ ಸಣ್ಣ ಐತಿ. ಜೆಟ್ಟಿಗೆ ಮುಟ್ಟೂದ ಇಲ್ಲ. ಪಿತ್ತಾಳಿ ಟೊಪಗಿ ಮಾಡಿ ತುದಿಗೆ ಹಾಕಿ ಕೊಡ್ಲೇನ?"

"ಹಾಕಿ ಕೊಡ್ರಿ ಮಾಮಾ."

"ಹಾಕಿದ್ರ ಏನ ಆಗತೈತಿ ಹೇಳ ನೋಡೂಣು."

ಯೋಚಿಸಿದೆ. ಬಾಗಿಲು ಸರಿಯಾಗಿ ಮುಚ್ಚುತ್ತದೆ. ಆಮೇಲೆ, ಹಳೆಯದು ಬಿಸಿಯಾದಾಗ ತೆರೆಯದಿದ್ದರೆ ಇದೂ ತೆರೆಯದೇ ಹೋಗಬಹುದು. ಹಳೆಯದು ಕೆಟ್ಟಿದೆ ಅನ್ನುವುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ 12.5 ಅನ್ನುವ ಅಂಕಿ ಒಂದೇ. ಮಾಮಾ ಹಳೆಯದನ್ನು ಗ್ಯಾಸ್ ಒಲೆಯ ಪಕ್ಕದ ತಗಡಿನ ಮೇಲೆ ಇಟ್ಟು, ಮುಟ್ಟಲಾಗದಷ್ಟು ಬಿಸಿ ಮಾಡಿ, ಪಕ್ಕಡದಿಂದ ಹಿಡಿದು ಬ್ಯಾಟರಿಗೆ ಕೊಟ್ಟರು. ಟಿಕ್. ಹತ್ತು ಸಲ ಕೊಟ್ಟರು. ಹತ್ತು ಸಲ ಟಿಕ್.

"ನಿನ್ನ ಬ್ಯಾನಿ ಇದರಾಗ ಇಲ್ಲ ತಮ್ಮಾ. ಮೀಟರ್ ಒಳಗ ಇಡು, ಬಲ್ಬ್ ಹಚ್ಚಿ ನೋಡು."

ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ, ಬೇರೆಯವರಿಗೆ ಹೇಳಲು. ಡಿಜಿಟಲ್ ಮೀಟರಿನ ಒಳಗಿನ ತಡೆ ಸುಮಾರು ಒಂದು ಕೋಟಿ ಓಮ್. ಅದು ತಂತಿಯಿಂದ ಕುಡಿಯುವುದು ಹನಿಯ ಹನಿಯಷ್ಟೂ ಅಲ್ಲ. ದಾರಿಯಲ್ಲಿ ಹತ್ತಿಪ್ಪತ್ತು ಓಮಿನ ಕೊಳಕು ಜಾಯಿಂಟ್ ಇದ್ದರೂ ಅದಕ್ಕೆ ಕಾಣುವುದೇ ಇಲ್ಲ. ಮೂರನೇ ಮಹಡಿಯ ನಲ್ಲಿಯ ಹಾಗೆ. ಮುಚ್ಚಿದಾಗ ಪೈಪಿನ ತುಂಬ ಒತ್ತಡ ಇರುತ್ತದೆ, ತೆರೆದು ಕೊಡ ಇಟ್ಟರೆ ಬೆರಳು ದಪ್ಪದ ಧಾರೆಯೂ ಬರುವುದಿಲ್ಲ. ಕನೆಕ್ಟರ್ ಕಳಚಿ ಅಳೆದ ದಿನ ನಾನು ಮುಚ್ಚಿದ ನಲ್ಲಿಯನ್ನು ಅಳೆದಿದ್ದೆ.

ಶುಕ್ರವಾರ, ಸೀಟಿನ ಕೆಳಗೆ

ಹಳೆಯ ಸೊಲೆನಾಯ್ಡನ್ನೇ ವಾಪಸ್ ಹಾಕಿ, ಗಾಡಿ ಕಡೆಯ ತಂತಿಗೆ ಮೊದಲು ಬೈಕಿನ ಇಂಡಿಕೇಟರ್ ಬಲ್ಬ್, 21 ವ್ಯಾಟ್‌ದು, ಹಚ್ಚಿದೆ. ಚಾವಿ ಆನ್. ಕಣ್ಣು ಕುಕ್ಕುವ ಹಾಗೆ ಉರಿಯಬೇಕಾದ ಬಲ್ಬು ಬೀಡಿಯ ತುದಿಯಂತೆ ಕೆಂಪಗೆ ಮಿಣುಕಿತು. ಮಳೆಯ ಮೋಡ ಇದ್ದುದಕ್ಕೆ ಅಷ್ಟಾದರೂ ಕಂಡಿತು, ಬಿಸಿಲಿದ್ದರೆ ಅದೂ ಇಲ್ಲ. ಬಲ್ಬ್ ನೇರ ಬ್ಯಾಟರಿಗೆ ಕೊಟ್ಟರೆ ಪಕ್ಕಾ ಬೆಳಕು.

ಆಮೇಲೆ ಮೀಟರ್, ಆದರೆ ಈ ಸಲ ಕನೆಕ್ಟರ್ ಕಳಚದೆ. ಹೊಲಿಗೆಯ ಸೂಜಿಯನ್ನು ಕನೆಕ್ಟರಿನ ಹಿಂದಿನಿಂದ ತೂರಿಸಿ, ಸೊಲೆನಾಯ್ಡ್ ಹಚ್ಚಿದ ಹಾಗೇ ಅಳೆದೆ. ಬ್ಯಾಟರಿ 12.5, ಸೊಲೆನಾಯ್ಡಿನ ಬಾಯಲ್ಲಿ 8.1. ನಾಲ್ಕೂವರೆ ವೋಲ್ಟಿನಷ್ಟು ದಾರಿಯಲ್ಲೇ ಯಾರೋ ತಿನ್ನುತ್ತಿದ್ದಾರೆ.

ಮೊದಲು ವಾಪಸ್ ದಾರಿ ನೋಡಿದೆ, ಕಾರ್ಬೋರೇಟರ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ. ದಾರಿಯಲ್ಲಿ ಕಳೆದದ್ದು 0.05 ವೋಲ್ಟ್. ಸ್ವಚ್ಛ. ಹಾಗಾದರೆ ಹೋಗುವ ದಾರಿಯಲ್ಲೇ. ಕೆಂಪು ಕಡ್ಡಿಯನ್ನು ಬ್ಯಾಟರಿ ಪಾಸಿಟಿವ್ ಮೇಲೆ ಊರಿ, ಕಪ್ಪು ಕಡ್ಡಿಯನ್ನು ತಂತಿಯ ಗುಂಟ ಒಂದೊಂದೇ ನಿಲ್ದಾಣಕ್ಕೆ ಇಳಿಸುತ್ತಾ ಹೋದೆ. ಎಲ್ಲವೂ ಚಾವಿ ಆನ್ ಇದ್ದಾಗ, ಸೊಲೆನಾಯ್ಡ್ ಹಚ್ಚಿದ್ದಾಗ. ಫ್ಯೂಸ್ ದಾಟಿದ ಮೇಲೆ 0.04. ಚಾವಿ ಸ್ವಿಚ್ ದಾಟಿದ ಮೇಲೆ 0.2, ಹಳೆ ಸ್ವಿಚ್ಚಿಗೆ ಪರವಾಗಿಲ್ಲ. ತಂತಿ ಅಲ್ಲಿಂದ ಸೀಟಿನ ಕೆಳಗೆ ಹೋಗಿ ಎಂಜಿನ್ ಕಡೆ ಏರುತ್ತದೆ. ಎಂಜಿನ್ ಕಡೆಯ ತುದಿಯಲ್ಲಿ 4.4. ಉಳಿದದ್ದು ಸೀಟಿನ ಕೆಳಗಿನ ಒಂದು ಮೊಳ.

ಸೀಟು ಎತ್ತಿದರೆ ಬ್ಯಾಟರಿ, ಅದರ ಪಕ್ಕ ಒಣ ಹುಲ್ಲು, ಚಿಂದಿ, ಕಡಲೆ ಸಿಪ್ಪೆಯ ಇಲಿಗೂಡು. ತಂತಿಯ ಕಟ್ಟಿನ ನಡುವೆ ಕಪ್ಪು ಟೇಪ್ ಸುತ್ತಿದ ಒಂದು ಗಂಟು. ಕಂಪನಿಯವರು ಮಾಡಿದ್ದಲ್ಲ, ಇಲಿ ಕಡಿದದ್ದನ್ನು ಹಿಂದೆ ಯಾರೋ ಕೈಯಲ್ಲಿ ಹುರಿ ಹೊಸೆದು ಸುತ್ತಿದ್ದು. ಮುಟ್ಟಿದೆ. ಬೆಚ್ಚಗಿತ್ತು. ಎಂಜಿನ್ ಓಡಿರಲಿಲ್ಲ, ಬಿಸಿಲಿರಲಿಲ್ಲ, ಅದು ತನ್ನಷ್ಟಕ್ಕೇ ಬೆಚ್ಚಗಿತ್ತು. ಎರಡು ವಾರದ ಹಿಂದೆ ಆ ಸೀಟು ಎತ್ತಿ ಕೈ ಇಟ್ಟಿದ್ದರೆ ಮೀಟರೇ ಬೇಕಿರಲಿಲ್ಲ.

ಟೇಪ್ ಬಿಚ್ಚಿದಾಗ ಅಂಟು ಕರಗಿ ಬೆರಳಿಗೆ ಹತ್ತಿತು. ಒಳಗೆ ತಾಮ್ರ ಅನ್ನುವುದು ಉಳಿದಿರಲಿಲ್ಲ, ಹಸಿರು ಪುಡಿ. ಹುರಿಯ ಏಳೆಂಟು ಎಳೆಗಳಲ್ಲಿ ಎರಡು ಮಾತ್ರ ಒಂದನ್ನೊಂದು ಮುಟ್ಟಿಕೊಂಡಿದ್ದವು. ಅದೂ ಬೆರಳು ತಾಗಿದರೆ ಸರಿಯುತ್ತಿತ್ತು. ಬ್ಯಾಟರಿ ಆಸಿಡ್ಡಿನ ಹಬೆ, ಮಳೆ, ಅದರ ಮೇಲೆ ಇಲಿಯ ಉಚ್ಚೆ.

ಈಗ ಕಾಕಾನ ಕಥೆಯ ಒಂದೊಂದು ಸಾಲೂ ಅರ್ಥವಾಯಿತು. ಕಡ್ಡಿಯನ್ನು ಎಳೆಯಲು ಹೆಚ್ಚು ಬಲ ಬೇಕು, ಎಳೆದದ್ದನ್ನು ಹಿಡಿದಿಡಲು ಕಡಿಮೆ ಸಾಕು. ಬೆಳಿಗ್ಗೆ ಸುರುಳಿ ತಣ್ಣಗಿದ್ದಾಗ 8 ವೋಲ್ಟಿಗೂ ಹೇಗೋ ಎಳೆಯುತ್ತಿತ್ತು. ಓಡುತ್ತಾ ಎಂಜಿನ್ ಕಾದು ಸುರುಳಿಯ ಓಮ್ ಏರುತ್ತದೆ. ತಾಮ್ರ ಐವತ್ತು ಡಿಗ್ರಿ ಬಿಸಿಯಾದರೆ ತಡೆ ಸುಮಾರು ನೂರಕ್ಕೆ 20ರಷ್ಟು ಹೆಚ್ಚುತ್ತದೆ, ಹರಿಯುವ ಕರೆಂಟ್ ಇಳಿದು ಬಲ ಕಡಿಮೆ. ಆದರೂ ಹಿಡಿದುಕೊಂಡಿರುತ್ತದೆ. ಅಷ್ಟರಲ್ಲಿ ಗಾಡಿ ಒಂದು ಗುಂಡಿಗೆ ಇಳಿಯುತ್ತದೆ, ಗಂಟು ಅಲುಗುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಕಡಿಯುತ್ತದೆ, ಕಡ್ಡಿ ಮೇಲೆ ಹಾರುತ್ತದೆ. ಇನ್ನು ಅದನ್ನು ಮತ್ತೆ ಎಳೆಯುವ ಶಕ್ತಿ ಬಿಸಿ ಸುರುಳಿಗಿಲ್ಲ. ಸೆಲ್ಫ್ ಹೊಡೆದರೆ ಬ್ಯಾಟರಿ ಇನ್ನೂ ಕೆಳಗೆ ಇಳಿಯುತ್ತದೆ, ಪರಿಸ್ಥಿತಿ ಮತ್ತಷ್ಟು ಕೆಡುತ್ತದೆ. ಒಂದು ಚಹಾದ ಹೊತ್ತು ಆರಿದರೆ ಮತ್ತೆ ಟಿಕ್. ಮಾಮಾನ ತಗಡಿನ ಮೇಲೆ ಅಷ್ಟು ಬಿಸಿಯಾದರೂ ಎಳೆದದ್ದೇಕೆ? ಅಲ್ಲಿ ಬ್ಯಾಟರಿಯಿಂದ ಪೂರ್ತಿ ಹನ್ನೆರಡು ಸಿಕ್ಕಿತ್ತು. ನನ್ನ ಸಿಮೆಂಟ್ ನೆಲದ ಮೇಲೆ ನಲವತ್ತು ನಿಮಿಷ ಓಡಿದ್ದೂ ಸುಳ್ಳಲ್ಲ, ಅಲ್ಲಿ ಗುಂಡಿ ಇರಲಿಲ್ಲ.

ದುರಸ್ತಿ ಅರ್ಧ ತಾಸಿನದು. ಹಸಿರು ಹತ್ತಿದಷ್ಟೂ ತಂತಿ ಕತ್ತರಿಸಿದೆ. ಹಸಿರು ಒಳಗೊಳಗೇ ಹರಿದಿರುತ್ತದೆ, ಎರಡೂ ಕಡೆ ಮೂರು ಬೆರಳು ಹೆಚ್ಚಿಗೆ ಕತ್ತರಿಸಿದ ಮೇಲೆಯೇ ಕೆಂಪು ತಾಮ್ರ ಕಂಡಿತು. ಗಾಡಿಗಳಿಗೆ ಹಾಕುವ ಒಂದು ಸ್ಕ್ವೇರ್ ಎಂಎಂ ತಂತಿಯ ಒಂದು ಮೊಳ ನಡುವೆ ಸೇರಿಸಿ, ಎರಡೂ ಜಾಯಿಂಟ್ ಥಿಂಬಲ್ ಹಾಕಿ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿದೆ. ಜಾಯಿಂಟನ್ನು ಬ್ಯಾಟರಿಯ ಪಕ್ಕದಿಂದ ಎತ್ತಿ ಚಾಸಿಯ ಮೇಲ್ಗಡೆ ಕಟ್ಟಿದೆ, ಹಬೆ ತಾಗದ ಕಡೆ. ಇಲಿಗೂಡು ಕಿತ್ತೆ. ಅದರೊಳಗೆ ಕಾಲೇಜಿನ ಯಾವುದೋ ಉತ್ತರ ಪತ್ರಿಕೆಯ ಚೂರು ಕೂಡ ಇತ್ತು.

ಮತ್ತೆ ಸೂಜಿ ತೂರಿಸಿ ಅಳೆದೆ. ಬ್ಯಾಟರಿ 12.5, ಸೊಲೆನಾಯ್ಡಿನ ಬಾಯಲ್ಲಿ 12.2. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1, ಅಲ್ಲಿ 13.8. ಟಿಕ್ ಅನ್ನುವ ಸಪ್ಪಳ ಈಗ ಎರಡು ಹೆಜ್ಜೆ ದೂರಕ್ಕೆ ಕೇಳುತ್ತದೆ. ಓಡುತ್ತಿರುವಾಗ ಕನೆಕ್ಟರ್ ಕಿತ್ತೆ. ಒಂದು, ಎರಡು, ಮೂರು, ಸತ್ತಿತು. ಪೂರ್ತಿ ರೇಸ್ ಕೊಟ್ಟು ಚಾವಿ ಬಂದ್ ಮಾಡಿದೆ. ಪಾರಿವಾಳ ಕದಲಲಿಲ್ಲ.

ಅವತ್ತು ಕಾಕಾ ಒಂದೂವರೆ ತಾಸು ಇಳಿಯದೆ ಓಡಿಸಿದರು, ಬೇಕೆಂದೇ ಗೋಲ್ ಪೋಸ್ಟ್ ಹಿಂದಿನ ಗುಂಡಿಗಳ ಮೇಲೆ. ಎರಡು ವಾರ ಬಿಟ್ಟು ಹೋದಾಗಲೂ ನಿಂತಿರಲಿಲ್ಲ. ಈಗ ದಿನಾ ಸುರು ಮಾಡುವ ಮೊದಲು ಅವರು ಚಾವಿ ಅರ್ಧ ತಿರುವಿ, ಬಗ್ಗಿ, ಕಿವಿ ಕೊಟ್ಟು ಕೇಳುತ್ತಾರೆ. "ಟಿಕ್ ಅಂತು, ನಡೀರಿ" ಅಂತ ಗಾಡಿಗೇ ಬಹುವಚನ. ಹುಲ್ಲು ಬೆಳೆಯುವುದು ನಿಂತ ಮೇಲೆ ಕಾಕ್ ಬಂದ್ ಮಾಡಿ, ತಾನೇ ಸಾಯುವ ತನಕ ಓಡಿಸಿ, ಬಟ್ಟಲಿನ ಡ್ರೇನ್ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಇಳಿಸಿ ಇಡಬೇಕು ಅಂತ ತೋರಿಸಿಕೊಟ್ಟಿದ್ದೇನೆ.

ಬಿಲ್ಲು ಬರೆಯುವಾಗ ಆಫೀಸಿನ ಕ್ಲರ್ಕ್ ಯಾವ ಪಾರ್ಟ್ ಬದಲಾಯಿತು ಅಂತ ಕೇಳಿದರು. ತಂತಿ, ಒಂದು ಮೊಳ ಅಂದೆ. ಅಷ್ಟಕ್ಕೆ ಎರಡು ವಾರ ಬೇಕಾಯಿತೇ ಅಂತ ಅವರು ಬಾಯಿಬಿಟ್ಟು ಕೇಳಲಿಲ್ಲ, ಕನ್ನಡಕದ ಮೇಲಿಂದ ನೋಡಿದರು. 1,850 ರೂಪಾಯಿಯನ್ನು ಬಿಲ್ಲಿಗೆ ಸೇರಿಸಲಿಲ್ಲ. ಆ ಸೊಲೆನಾಯ್ಡ್ ನನ್ನ ಡ್ರಾಯರಿನಲ್ಲಿದೆ, ಮೈಗೆ ಬಿಳಿ ಟೇಪ್ ಹಚ್ಚಿ ಬರೆದಿದ್ದೇನೆ: ದೀಡ್ ಮಿಲಿ ಸಣ್ಣ.